ಕಾಮನ್ ಸೆನ್ಸ್ ಪ್ರಯೋಗ ಮೀಮಾಂಸೆ

ವ್ಯಾಕರಣಕಾರ ಕೇಶಿರಾಜನ ಕಾಲಕ್ಕೆ ಇಂಗ್ಲಿಷರು ಇತ್ತ ಕಾಲಿಟ್ಟಿರಲಿಲ್ಲವಾದ್ದರಿಂದ ‘ಶಬ್ದಮಣಿದರ್ಪಣ’ದಲ್ಲಿ ‘ಕಾಮನ್ ಸೆನ್ಸ್’ ಪದದ ಪ್ರಯೋಗನಿಯಮ ಬಿಟ್ಟುಹೋಗಿದೆ. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ರೂಢಿಯನ್ನು ಆಧರಿಸಿ ಆ ಕೊರತೆ ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಇದು ಆಂಗ್ಲಪದವೆಂಬುದು ಪೂರ್ವಪಕ್ಷ. ‘ಕಮಾನು’ ಪದದಿಂದ ಹುಟ್ಟಿದ್ದೆಂಬುದು ನಮ್ಮ ಸಿದ್ಧಾಂತ. ವಿಜಯಪುರದಲ್ಲಿ ಎರಡನೆಯ ಅಲಿ ಆದಿಲ್‌ಶಾಹನ ಅಪೂರ್ಣ ಸಮಾಧಿ ಬಾರಾ ಕಮಾನಿನಲ್ಲಿ ಕಮಾನುಗಳು ಗಟ್ಟಿಯಾಗಿಯೇ ನಿಂತಿವೆ, ಮೇಲೆ ಮಾತ್ರ ಏನೂ ಇಲ್ಲ. ಈ ಪದಕ್ಕೆ ಪಾತ್ರರಾಗುವವರ ಸ್ಥಿತಿಯೂ ಅದೇ.

ಪದಕ್ಕೆ ಉತ್ತಮಪುರುಷವಿಲ್ಲ. ‘ನನಗ ಕಾಮನ್ ಸೆನ್ಸ್ ಇಲ್ಲ’ ಎಂದವರು ವಿಜಯಪುರದ ಗಾಂಧಿ ಚೌಕದಲ್ಲಿ ಈವರೆಗೆ ಸಿಕ್ಕಿಲ್ಲ. ಶುದ್ಧರೂಪ: ‘ಕಾಮನ್ ಸೆನ್ಸ್ ಬ್ಯಾಡೇನ್ಲೇ?’ ಹಿರಿಯರಿಗಾದರೆ ‘ಬ್ಯಾಡೇನ್ರೀ?’ ಬೈಗುಳ ಹಾಗೇ ಉಳಿದು ಮರ್ಯಾದೆ ಕೂಡಿಕೊಳ್ಳುತ್ತದೆ.

ಪ್ರಯೋಗಕ್ಕೆ ತಿಕೋಟಾದ ಒಣದ್ರಾಕ್ಷಿ ಶೆಡ್ಡಿಗೆ ಹೋಗೋಣ. ಬಲೆಯ ಮೇಲೆ ದ್ರಾಕ್ಷಿ ಹರವಿದೆ, ಪಡುವಣದಲ್ಲಿ ಮೋಡ.

“ತಾಡಪತ್ರಿ ಕಟ್ಟಬೇಕಂಬೋ ಕಾಮನ್ ಸೆನ್ಸ್ ಬ್ಯಾಡೇನ್ಲೇ ನಿನಗ?”

“ಮೊಬೈಲ್‌ನ್ಯಾಗ ಮಳಿ ಇಲ್ಲಂತ ತೋರಸಾಕತ್ತೈತಿ ಅಪ್ಪಾ.”

“ಮೊಬೈಲ್ ತೋಯ್ತೈತೇನ್ಲೇ? ದ್ರಾಕ್ಷಿ ತೋಯ್ತಾವು!”

ಮಳೆ ಬಂದರೆ ಪದದ ಹಕ್ಕು ಅಪ್ಪನದು. ಬರದಿದ್ದರೂ ಅಪ್ಪನದೇ.

ಬಬಲೇಶ್ವರದ ಬಸ್‌ಸ್ಟ್ಯಾಂಡಿನ ಪಾಠಾಂತರ ಇನ್ನೂ ಸೂಕ್ಷ್ಮ. “ಈ ಗಾಡಿ ಬಿಜಾಪುರಕ್ಕ ಹೊಕ್ಕೈತೇನೋ ಯಪ್ಪಾ?” ಎಂದಳು ಅಜ್ಜಿ. “ಬೋರ್ಡ್ ನೋಡಬೇ, ಕಾಮನ್ ಸೆನ್ಸ್ ಬ್ಯಾಡೇನು?” ಎಂದ ಕಂಡಕ್ಟರ್. ಬೋರ್ಡಿನಲ್ಲಿದ್ದದ್ದು ವಿಜಯಪುರ! ಸರ್ಕಾರ ಊರಿನ ಹೆಸರು ಬದಲಿಸಿದ್ದು 2014ರ ನವೆಂಬರ್ 1ರಂದು, ಅಜ್ಜಿಯ ಒಪ್ಪಿಗೆ ಕೇಳದೆ. ಕಂಡಕ್ಟರನದು ಅಪಪ್ರಯೋಗವೆಂದು ನಮ್ಮ ತೀರ್ಪು.

ಕಾಮನ್ ಸೆನ್ಸ್ ಎಂಬ ವಸ್ತು ನಿಜವಾಗಿ ಇತ್ತೆನ್ನಲು ವಿಜಯಪುರ ನಗರದಲ್ಲಿ ಒಂದು ಪುರಾವೆಯಿದೆ. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನು ಬ್ರಿಟಿಷರು 1854ರಲ್ಲಿ ಹರಾಜಿಗಿಟ್ಟರು. ಸವಾಲು 150 ರೂಪಾಯಿಗೇ ನಿಂತಿತು, ಮಾರಾಟ ರದ್ದಾಯಿತು. ತೋಪು ಕೊಳ್ಳುವುದೇನೋ ಸರಿ, ಮನೆಗೆ ಒಯ್ಯುವುದು ಹೇಗೆಂದು ನಮ್ಮ ಮಂದಿ ಲೆಕ್ಕ ಹಾಕಿದ್ದಿರಬೇಕು. ಇಂಗ್ಲಿಷ್ ಪದ ಗೊತ್ತಿಲ್ಲದೆಯೇ!

ಒಂದು ನಿಷಿದ್ಧ ಸ್ಥಳವೂ ಉಂಟು: ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ. ಅಲ್ಲಿ ‘ಕಾಮನ್ ಸೆನ್ಸ್ ಇಲ್ಲೇನು?’ ಎಂದು ಕೂಗಿದರೆ ಪ್ರಶ್ನೆ ಮತ್ತೆ ಮತ್ತೆ ಕೂಗಿದವರ ಕಿವಿಗೇ ಬಂದು ಬಡಿಯುತ್ತದೆ.

ಪ್ರಬಂಧ ಓದಿದ ಮೇಲೆ ಲೇಖಕರಿಗೂ ಅದೇ ಪ್ರಶ್ನೆ ಕೇಳಬೇಕೆನಿಸಿದರೆ ಧಾರಾಳವಾಗಿ ಕೇಳಿ. ‘ರೀ’ ಹಚ್ಚುವುದನ್ನು ಮಾತ್ರ ಮರೆಯಬೇಡಿ.