ಬೇಗ ಕರಗುವವರ ಪರವಾಗಿ

“ನೋಡೇ, ಆ ಕಲಾಯಿಯವನು ನನಗೆ ಟೋಪಿ ಹಾಕಿ ಹೋದ!”

ಕಾಂಪೌಂಡ್ ಗೋಡೆಯ ಮೇಲೆ ಹಿತ್ತಾಳೆ ತಪ್ಪಲೆಯನ್ನು ಕುಕ್ಕಿ ಪಕ್ಕದ ಮನೆ ಅಕ್ಕ ಶುರು ಮಾಡಿದರು. ಇಣುಕಿ ನೋಡಿದೆ. ಕಲಾಯಿಯೆಲ್ಲ ತಳದಲ್ಲಿ ಒಂದು ಕಡೆ ಗುಡ್ಡೆಯಾಗಿತ್ತು, ಮಿಕ್ಕ ಕಡೆ ಹಿತ್ತಾಳೆಯ ಹಳದಿ.

“ಖಾಲಿ ಪಾತ್ರೆ ಒಲೆ ಮೇಲಿಟ್ರಾ ಅಕ್ಕ?”

“ಒಗ್ಗರಣೆಗೆ ಅಂತ ಇಟ್ಟೆ. ಎಣ್ಣೆ ಹಾಕೋದರೊಳಗೆ ತಂಗಿ ಫೋನ್ ಬಂತು. ಗೊತ್ತಲ್ಲ, ಅವಳು ಬೇಗ ಇಡೋಳಲ್ಲ.”

“ಹಾಗಾದ್ರೆ ಕಲಾಯಿಯವನದೇನೂ ತಪ್ಪಿಲ್ಲ ಬಿಡಿ. ಅವನು ಬಳಿದದ್ದು ತವರ. ಅದು 232 ಡಿಗ್ರಿಗೇ ನೀರಾಗತ್ತೆ. ಒಳಗೆ ಸಾರಿದ್ದರೆ ಪಾತ್ರೆಯ ಬಿಸಿ ನೂರರ ಆಸುಪಾಸಲ್ಲೇ ನಿಲ್ಲತ್ತೆ, ಎಷ್ಟು ಕುದ್ದರೂ ಚಿಂತೆಯಿಲ್ಲ. ಖಾಲಿ ಬಿಟ್ಟರೆ ಮುಗೀತು. ತಪ್ಪಲೆಗೆ ಮಾತ್ರ ಏನೂ ಆಗಿಲ್ಲ ನೋಡಿ, ಹಿತ್ತಾಳೆ ಕರಗೋಕೆ ಹೆಚ್ಚುಕಮ್ಮಿ 900 ಡಿಗ್ರಿ ಬೇಕು.”

“ಅಷ್ಟು ಬೇಗ ಕರಗೋದನ್ನ ಯಾಕೆ ಬಳೀಬೇಕು? ಗಟ್ಟಿಯಾದದ್ದು ಬಳೀಬಾರದಾ?”

“ಕಬ್ಬಿಣ ಬಳಿಯೋಣ ಅಂದ್ರೆ ಅದಕ್ಕೆ 1538 ಡಿಗ್ರಿ. ಅದು ಕರಗೋ ಹೊತ್ತಿಗೆ ತಪ್ಪಲೆಯೇ ಇರಲ್ಲ! ಕೆಂಡದ ಮೇಲೆ ಕಾಯಿಸಿ, ನವಸಾಗರ ಉದುರಿಸಿ, ಅರಳೆಯಲ್ಲಿ ಒರೆಸಿದರೆ ತವರ ಹರಡಿಕೊಳ್ಳತ್ತಲ್ಲ, ಅದಕ್ಕೇ ಅದು. ಬೇಗ ಕರಗೋದೇ ಅದರ ಉದ್ಯೋಗ ಅಕ್ಕ. ಫ್ಯೂಸ್ ತಂತಿ ತಾನು ಕರಗಿ ಮನೆ ಉಳಿಸಲ್ವಾ? ರೇಡಿಯೋ ರಿಪೇರಿಯವರ ಬೆಸುಗೆ ಇನ್ನೂ ತಮಾಷೆ. ತವರಕ್ಕೆ 232, ಸೀಸಕ್ಕೆ 327. ಎರಡನ್ನೂ 63ಕ್ಕೆ 37ರಂತೆ ಬೆರೆಸಿದರೆ 183ಕ್ಕೇ ಕರಗತ್ತೆ!”

“ನಮ್ಮನೆ ಅಣ್ಣತಮ್ಮಂದಿರು ಒಂದೆಡೆ ಸೇರಿದರೆ ಕುದೀತಾರೇ ಹೊರತು ಕರಗೋದಿಲ್ಲಮ್ಮ.”

ಅಷ್ಟರಲ್ಲಿ ಪರೀಕ್ಷೆಗೆ ಓದುತ್ತಿದ್ದ ಮೊಮ್ಮಗ ಜಗಲಿಯಿಂದಲೇ ಕೂಗಿದ. “ಆಂಟೀ, ಲೋಹಗಳ ಕರಗುವ ಬಿಂದು ಜಾಸ್ತಿ, ಅಲೋಹಗಳದು ಕಡಿಮೆ. ಪುಸ್ತಕದಲ್ಲಿದೆ!”

“ಹಾಗೇ ಬರಿಯಪ್ಪ, ಮಾರ್ಕ್ಸ್ ಸಿಗತ್ತೆ. ಆದರೆ ಪಾದರಸವೂ ಲೋಹವೇ. ಅದು ಗಟ್ಟಿಯಾಗಬೇಕಾದರೆ ಸೊನ್ನೆಗಿಂತ 39 ಡಿಗ್ರಿ ಕೆಳಗಿಳೀಬೇಕು. ಗ್ಯಾಲಿಯಂ ಅಂತ ಇನ್ನೊಂದಿದೆ, 30ಕ್ಕೇ ಕರಗತ್ತೆ. ಅಂಗೈಲಿಟ್ಟುಕೊಂಡರೆ ಸಾಕು. ರಾಯಚೂರಿನ ಬೇಸಿಗೇಲಿ ಅದೂ ಬೇಡ, ನೆರಳಲ್ಲಿಟ್ಟರೂ ನೀರೇ.”

“ಅಲೋಹ?”

“ಗಂಧಕ ನಿನ್ನ ಪುಸ್ತಕದ ಮಾತು ಕೇಳತ್ತೆ, 115ಕ್ಕೆ ಕರಗತ್ತೆ. ಆದರೆ ನಿನ್ನ ಪೆನ್ಸಿಲ್ ಕಡ್ಡಿಯೊಳಗಿನ ಗ್ರಾಫೈಟ್ ಕೇಳಲ್ಲ. ಲೋಹಗಳಲ್ಲೆಲ್ಲ ಹಟಮಾರಿ ಅಂದ್ರೆ ಹಳೇ ಬಲ್ಬಿನ ಟಂಗ್‌ಸ್ಟನ್. ಅದೂ 3422ಕ್ಕೆ ಸೋಲತ್ತೆ. ಗ್ರಾಫೈಟನ್ನು ಗಾಳಿ ತಾಗದಂತೆ ಕಾಯಿಸುತ್ತಾ ಹೋದರೆ 3600 ದಾಟಿದ ಮೇಲೆ ಕರಗೋ ಗೋಜಿಗೇ ಹೋಗದೆ ನೇರ ಆವಿಯಾಗತ್ತೆ. ಅಲೋಹವಾಗಿದ್ದೂ ಕರೆಂಟು ಹರಿಸತ್ತೆ ಬೇರೆ! ಅಜ್ಜಿಯ ಮೂಗುತಿಯ ವಜ್ರವೂ ಅದೇ ಇಂಗಾಲ. ಅದು ಕರೆಂಟು ಹರಿಸಲ್ಲ, ಶಾಖವನ್ನು ಮಾತ್ರ ತಾಮ್ರಕ್ಕಿಂತ ಚೆನ್ನಾಗಿ ಹರಿಸತ್ತೆ.”

ಅಕ್ಕನ ಕೈ ಮೂಗಿಗೆ ಹೋಯಿತು. “ಎರಡೂ ಒಂದೇನಾ? ನಿಮ್ಮ ಭಾವನ ಮುಂದೆ ಮಾತ್ರ ಬಾಯಿ ಬಿಡಬೇಡ ಮಾರಾಯ್ತಿ. ವಜ್ರದ ಓಲೆ ಕೇಳಿ ಕೇಳಿ ಸಾಕಾಗಿದೆ, ಕೊನೆಗೆ ಪೆನ್ಸಿಲ್ ಡಬ್ಬಿ ತಂದು ಕೈಗಿಟ್ಟಾರು!”