ಗಾಲ್ಫೂ ಬೆಣ್ಣಿಹಳ್ಳವೂ

ನಮ್ಮ ನವಲಗುಂದ ಸೀಮೆಯ ಎರಿಭೂಮಿಯಲ್ಲಿ ಜೋಳ, ಕಡಲೆ, ಹತ್ತಿ, ಗೋಧಿ ಇವೆಲ್ಲ ಸಮೃದ್ಧವಾಗಿ ಬೆಳೆಯುವುವಾದರೂ ಗಾಲ್ಫ್ ಎಂಬ ಕ್ರೀಡೆ ಮಾತ್ರ ಬೆಳೆಯಲಾರದು; ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ, ಮಳೆಗಾಲದಲ್ಲಿ ಮೆಟ್ಟಿದವನ ಚಪ್ಪಲಿಯನ್ನು ತನ್ನಲ್ಲಿಯೇ ಇರಿಸಿಕೊಳ್ಳುವ ಈ ಮಣ್ಣು, ನಾಲ್ಕೂಕಾಲು ಅಂಗುಲದ ಒಂದೇ ಕುಳಿಯನ್ನು ಅರಸಿ ಹೊರಟ ಬಿಳಿಯ ಚೆಂಡಿಗೆ ಹೆಜ್ಜೆಹೆಜ್ಜೆಗೂ ಬಾಯ್ದೆರೆದು ಆತಿಥ್ಯ ನೀಡೀತು. ಆದ್ದರಿಂದ ಈ ಆಟದ ತಂತ್ರವನ್ನು ಕುರಿತು ಮಾತನಾಡಲು ನವಲಗುಂದದವರಿಗೆ ಏನು ಅಧಿಕಾರವೆಂದು ಯಾರಾದರೂ ಕೇಳಿದರೆ, ಅವರು ನಮ್ಮ ಸೋದರಮಾವನನ್ನು ಕಂಡವರಲ್ಲವೆಂದೇ ತಿಳಿಯಬೇಕು.

1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪಿತವಾದಂದಿನಿಂದ ಆ ನಗರದ ಸಭ್ಯಗೃಹಸ್ಥರನ್ನು ಮುಂಜಾವದ ನಿದ್ರೆಯಿಂದ ಎಬ್ಬಿಸುತ್ತ ಬಂದಿರುವ ಈ ಆಟದ ವೈಶಿಷ್ಟ್ಯವೆಂದರೆ, ಬೇರೆಲ್ಲ ಆಟಗಳಲ್ಲಿ ಗಳಿಸಿದವನು ಗೆದ್ದರೆ ಇಲ್ಲಿ ಉಳಿಸಿದವನು ಗೆಲ್ಲುತ್ತಾನೆ. ಹದಿನೆಂಟು ಕುಳಿಗಳನ್ನು ಯಾರು ಅತ್ಯಲ್ಪ ಹೊಡೆತಗಳಲ್ಲಿ ಮುಗಿಸುವರೋ ಅವರೇ ವಿಜಯಿಗಳು. ನಿಯಮವು ಚೀಲದಲ್ಲಿ ಹದಿನಾಲ್ಕು ಕೋಲುಗಳಿಗಿಂತ ಹೆಚ್ಚನ್ನು ಒಯ್ಯಗೊಡದು; ಆಸೆಗಳನ್ನು ಎಷ್ಟು ಬೇಕಾದರೂ ಒಯ್ಯಬಹುದು. ನನ್ನ ಮಿತ್ರರೊಬ್ಬರು, ನಿವೃತ್ತ ಇಂಜಿನಿಯರು, ಈ ಎರಡನೆಯ ಸೌಲಭ್ಯವನ್ನು ಪೂರ್ಣವಾಗಿ ಬಳಸಿಕೊಂಡವರು. ಸೇತುವೆ ಕಟ್ಟುವಾಗ ಪ್ರತಿಯೊಂದು ತೊಲೆಯನ್ನೂ ಸಂಶಯದಿಂದ ನೋಡುತ್ತಿದ್ದ ಆ ಮಹಾಶಯರು, ಕೋಲು ಹಿಡಿದೊಡನೆ ಲೆಕ್ಕವನ್ನೆಲ್ಲ ಮರೆತು, ಜೀವಮಾನದಲ್ಲಿ ಒಮ್ಮೆ ಬೆನ್ನಗಾಳಿಯ ಕೃಪೆಯಿಂದ ಚೆಂಡು ಹೋಗಿದ್ದ ದೂರವನ್ನೇ ತಮ್ಮ ನಿತ್ಯದ ದೂರವೆಂದು ಭಾವಿಸುತ್ತಿದ್ದರು.

ಕಣ್ಣಿನ ಪೊರೆ ತೆಗೆಸಿಕೊಂಡು ಕೆಲವು ವಾರ ಬೆಂಗಳೂರಿನಲ್ಲಿ ಉಳಿದಿದ್ದ ಮಾವ, ಹೊಸ ದೃಷ್ಟಿಯ ಉತ್ಸಾಹದಲ್ಲಿ, ಒಂದು ಬೆಳಿಗ್ಗೆ ನಮ್ಮೊಡನೆ ಮೈದಾನಕ್ಕೆ ಬಂದ. ಮಿತ್ರರ ಮೊದಲ ಹೊಡೆತ ಹುಲ್ಲಿನ ನಡುವೆ ಸುಖವಾಗಿ ಕುಳಿತಿತ್ತು. ಮುಂದೆ ಒಂದು ಕೊಳ, ಅದರಾಚೆ ಹಸುರು ದಿಬ್ಬದ ಮೇಲೆ ಬಾವುಟ. ಮಿತ್ರರು ಉದ್ದನೆಯ ಕೋಲನ್ನು ಸೆಳೆದುದನ್ನು ಕಂಡು ಮಾವ ಕೇಳಿದ: “ಸಾಹೇಬರ, ಆ ನೀರು ನಿಮಗ ಕಾಣಸ್ತದೋ ಇಲ್ಲೋ? ಎಡಕ್ಕ ಅಷ್ಟು ಬಯಲು ಬಿದ್ದೈತಿ, ಆ ಕಡೆ ಯಾಕ ಹೋಗಬಾರದು?”

ನೇರವಾಗಿ ದಾಟಿಸಿದರೆ ಒಂದು ಹೊಡೆತ ಉಳಿಯುವುದೆಂದು ಮಿತ್ರರು ಗಾಂಭೀರ್ಯದಿಂದ ವಿವರಿಸಿದರು.

“ಹತ್ತು ಸಲ ಹೊಡದ್ರ ಎಷ್ಟು ದಾಟತಾವ?”

ಮಿತ್ರರು ಉತ್ತರವನ್ನು ಆಲೋಚಿಸುತ್ತಿರುವಾಗಲೇ, ಅವರ ಬೆನ್ನ ಹಿಂದೆ ಚೀಲ ಹೊತ್ತು ನಿಂತಿದ್ದ ಕ್ಯಾಡಿ ಹುಡುಗ ಮೌನವಾಗಿ ಎರಡು ಬೆರಳು ತೋರಿಸಿದ. ಮಾವ ಲೆಕ್ಕ ಹಾಕಿದ: ದಾಟಿದರೆ ಒಂದು ಉಳಿತಾಯ, ಮುಳುಗಿದರೆ ಆ ಹೊಡೆತವೂ ವ್ಯರ್ಥ, ಮೇಲೊಂದು ದಂಡ, ಮತ್ತೆ ಹೊಡೆದು ದಾಟಿಸಿದರೂ ಬಯಲಿನ ದಾರಿಗಿಂತ ಒಂದು ಹೆಚ್ಚೇ. “ಎರಡು ಬಂತು, ಎಂಟು ಹೋತು. ಬೆಣ್ಣಿಹಳ್ಳ ತುಂಬಿ ಬಂದಾಗ ದಂಡಿ ಮ್ಯಾಲ ಕುಂತಾವ ತಡಾ ಆಗಿ ಮನಿ ಮುಟ್ಟತಾನ. ಚಕ್ಕಡಿ ಹೊಡದಾವನ್ನ ಮಲಪ್ರಭಾದಾಗ ಹುಡಕಬೇಕಾಗತೈತಿ.”

ಗಾಲ್ಫಿನ ತಂತ್ರಶಾಸ್ತ್ರವೆಲ್ಲ ಈ ಒಂದು ವಾಕ್ಯದ ಭಾಷ್ಯವೆಂದರೆ ಅತಿಶಯೋಕ್ತಿಯಾಗದು. ಬಾವುಟವನ್ನು ಹಸುರಿನ ಅಂಚಿನಲ್ಲಿ, ಮರಳುಗುಂಡಿಯ ಮಗ್ಗುಲಲ್ಲಿ ನೆಟ್ಟಿರುವರೆಂದರೆ ಅದು ಆಹ್ವಾನವಲ್ಲ, ಪ್ರಲೋಭನೆ. ಬಲ್ಲವನು ಬಾವುಟವನ್ನು ಮರೆತು ಹಸುರಿನ ನಡುಮಧ್ಯಕ್ಕೆ ಗುರಿಯಿಡುತ್ತಾನೆ. ಚೆಂಡು ಮರಗಳ ನಡುವೆ ಹೊಕ್ಕರೆ, ಎರಡು ಕೊಂಬೆಗಳ ಸಂದಿಯಲ್ಲಿ ಕಾಣುವ ಅಂಗೈಯಗಲದ ಆಕಾಶವನ್ನು ನಂಬದೆ, ಪಕ್ಕಕ್ಕೆ ಮೆಲ್ಲನೆ ತಟ್ಟಿ ಬಯಲಿಗೆ ತರುತ್ತಾನೆ. ಎಲ್ಲೆಯಾಚೆ ಹೋದ ಚೆಂಡಿಗೆ ದಂಡವನ್ನೂ ತೆತ್ತು, ಹೊಡೆದ ಸ್ಥಳಕ್ಕೇ ಹಿಂದಿರುಗಬೇಕಾದ ಕಾರಣ, ಎಲ್ಲೆ ಬಲಗಡೆಗಿದ್ದರೆ ಎಡಕ್ಕೆ ತಪ್ಪುವುದನ್ನೇ ಮೊದಲು ನಿಶ್ಚಯಿಸಿಕೊಳ್ಳುತ್ತಾನೆ. ಎಲ್ಲಿ ತಪ್ಪಬೇಕೆಂಬುದನ್ನು ಮುಂಚಿತವಾಗಿ ಆರಿಸಿಕೊಳ್ಳುವ ಈ ವಿವೇಕ ಇತರ ಯಾವ ಶಾಸ್ತ್ರದಲ್ಲಿದೆಯೋ ನಾನರಿಯೆ.

ಇದು ವೃದ್ಧರ ಅಳುಕೆಂದು ತರುಣರು ನಗುವುದಾದರೆ, ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೋಡಲಿ. 2021ರ ಆಗಸ್ಟಿನಲ್ಲಿ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ವಿಶ್ವಶ್ರೇಣಿಯಲ್ಲಿ 200ನೆಯವರಾಗಿದ್ದ, ದೂರಕ್ಕೆ ಹೊಡೆಯುವುದರಲ್ಲಿ ಪ್ರತಿಸ್ಪರ್ಧಿಗಳಿಗಿಂತ ಬಹಳ ಹಿಂದಿದ್ದ ಆ ತರುಣಿ, ತಾಯಿಯ ಹೆಗಲಿಗೆ ಚೀಲವನ್ನೊಪ್ಪಿಸಿ, ತನ್ನಲ್ಲಿಲ್ಲದ ಬಲಕ್ಕೆ ಹಂಬಲಿಸದೆ, ಇದ್ದ ನಿಖರತೆಯನ್ನೂ ಕುಳಿಯ ಬಳಿಯ ಕೈಚಳಕವನ್ನೂ ನಂಬಿ, ನಾಲ್ಕು ಸುತ್ತುಗಳನ್ನು 269 ಹೊಡೆತಗಳಲ್ಲಿ ಮುಗಿಸಿ ನಾಲ್ಕನೆಯವರಾದರು. ಕಂಚಿನ ಪದಕಕ್ಕೆ ಉಳಿದ ಅಂತರ ಒಂದೇ ಹೊಡೆತ. ಗಾಲ್ಫೆಂದರೇನೆಂದು ಅರಿಯದ ಮನೆಗಳಲ್ಲಿಯೂ ಆ ಬೆಳಿಗ್ಗೆ ಜನ ಟಿ.ವಿ.ಯ ಮುಂದೆ ಉಸಿರು ಬಿಗಿಹಿಡಿದಿದ್ದರು.

ಮಿತ್ರರು ಮಾವನ ಮತವನ್ನು ಸ್ವೀಕರಿಸಿದರು, ಅವರ ಅಂಕವೂ ಇಳಿಯಿತು. ಆದರೆ ಅನಿರೀಕ್ಷಿತವಾದ ಒಂದು ನಷ್ಟ ಒದಗಿತು. ಆಟ ಮುಗಿದ ಮೇಲಿನ ಉಪಾಹಾರದ ಗೋಷ್ಠಿಯಲ್ಲಿ, ಎರಡು ಮರಗಳ ನಡುವೆ ನುಸುಳಿದ ಚೆಂಡಿನ ಕಥೆಯನ್ನೋ ಕೊಳದ ಮೇಲೆ ಹಾರಿದ ಚೆಂಡಿನ ಕಥೆಯನ್ನೋ ಉಳಿದವರು ರಸವತ್ತಾಗಿ ಹೇಳುವಾಗ, ಇವರ ಬಳಿ ಇದ್ದುದು “ಎಡಕ್ಕೆ ಹೊಡೆದೆ, ಆಮೇಲೆ ಮುಂದಕ್ಕೆ ಹೊಡೆದೆ” ಎಂಬ ವೃತ್ತಾಂತವೊಂದೇ. ಅದು ಅರ್ಧವಾಗುವ ಮೊದಲೇ ಶ್ರೋತೃಗಳು ಇಡ್ಲಿಯ ಕಡೆ ತಿರುಗುತ್ತಿದ್ದರು. ಫೋನಿನಲ್ಲಿ ದೂರಿಕೊಂಡುದಕ್ಕೆ ಮಾವ, “ಕತಿ ಬೇಕಂದ್ರ ಸೋತಾವರ ಬಾಜೂ ಕುಂಡ್ರರಿ, ಅವರು ಹೇಳತಾರ” ಎಂದುಬಿಟ್ಟ.

ಇಂಜಿನಿಯರು ಮಧ್ಯಮಾರ್ಗವೊಂದನ್ನು ಕಂಡುಕೊಂಡಿದ್ದಾರೆ. ಅಂಕಪತ್ರಕ್ಕೆ ಸಹಿ ಬಿದ್ದ ಮೇಲೆ, ಸವೆದ ಹಳೆಯ ಹತ್ತು ಚೆಂಡುಗಳನ್ನು ಹಿಡಿದು ಒಬ್ಬರೇ ಕೊಳದ ಕಡೆಗೆ ಹೋಗುತ್ತಾರೆ. ಎಂಟು ಮುಳುಗುತ್ತವೆ, ಎರಡು ದಾಟುತ್ತವೆ. ಗೋಷ್ಠಿಗೆ ಎರಡೇ ಸಾಕು.