ಸಿಂಪಲ್ಲಾಗಿ ಒಂದು ಹುಟ್ಟುಹಬ್ಬ

(ಸ್ಥಳ: ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆ. ಮಗುವಿಗೆ ಇನ್ನೇನು ವರ್ಷ ತುಂಬಲಿದೆ.)

ಅವನು: ಸಿಂಪಲ್ಲಾಗಿ ಮುಗಿಸೋಣ ಕಣೇ. 5,000 ರೂಪಾಯಿ, ಒಂದು ಪೈಸೆ ಜಾಸ್ತಿ ಇಲ್ಲ.

ಅವಳು: ನಾನೂ ಅದನ್ನೇ ಹೇಳ್ತಿರೋದು ರೀ. ಮನೆಯವರಷ್ಟೇ.

ಅವನು: ಮನೆಯವರು ಅಂದ್ರೆ?

ಅವಳು: ನಮ್ಮ ಕಡೆ 40, ನಿಮ್ಮ ಕಡೆ 60. ತುಮಕೂರು ಚಿಕ್ಕಪ್ಪನ್ನ ಬಿಟ್ರೆ ಅತ್ತೆ ಮೂರು ತಿಂಗಳು ಮಾತಾಡಲ್ಲ.

ಅವನು: (ಆಸೆಯಿಂದ) ಬಿಟ್ಟೇಬಿಡೋಣವಾ?

ಅವಳು: ಥೀಮು ಕಾಡು ಅಂದ್ಕೊಂಡಿದೀನಿ.

ಅವನು: ಬನ್ನೇರುಘಟ್ಟಕ್ಕೇ ಕರ್ಕೊಂಡು ಹೋದ್ರೆ ಅಗ್ಗ.

ಅವಳು: ಅಲ್ಲಿ ಹುಲಿಗಳು ಹೇಳಿದ ಕಡೆ ನಿಲ್ಲಲ್ಲ. ಫೋಟೋಗ್ರಾಫರ್‌ಗೆ ಕಷ್ಟ.

ಅವನು: ಫೋಟೋಗ್ರಾಫರ್ರಾ?

ಅವಳು: ಸಿಂಪಲ್ ಫೋಟೋಗ್ರಾಫರ್. ಡ್ರೋನ್ ಬೇಡ ಅಂದಿದೀನಿ.

ಅಜ್ಜಿ: (ಅಡುಗೆಮನೆಯಿಂದ) ನಕ್ಷತ್ರದ ದಿನ ಆಯುಷ್ಯಹೋಮ, ಎಲೆ ಊಟ. ಒಬ್ಬಟ್ಟಿಗೆ ಹೇಳಿಯಾಯ್ತು. ತಾರೀಖಿನ ದಿನ ನೀವು ದೀಪ ಆರಿಸೋ ಶಾಸ್ತ್ರ ಏನಾದ್ರೂ ಮಾಡ್ಕೊಳ್ಳಿ.

(ನಮ್ಮಲ್ಲಿ ಮಗು ಹುಟ್ಟುವುದು ಒಂದೇ ಸಲ, ಹುಟ್ಟುಹಬ್ಬ ಮಾತ್ರ ವರ್ಷಕ್ಕೆ ಎರಡು. ಪಂಚಾಂಗಕ್ಕೂ ಕ್ಯಾಲೆಂಡರಿಗೂ ರಾಜಿಯಾಗಿದ್ದರೆ ಎಷ್ಟೋ ಅಪ್ಪಂದಿರು ಉಳಿದುಕೊಳ್ಳುತ್ತಿದ್ದರು.)

ಅವನು: ಬಲೂನಾದ್ರೂ ನಾನೇ ಊದ್ತೀನಿ.

ಅವಳು: 500 ಇದೆ, ಊದಿ. ಕಮಾನಿಗೆ ಬೇಕು.

ಅವನು: ಅಲ್ವೇ, ಒಡೆದ ಬಲೂನಿನ ಚೂರು ಮಗು ಬಾಯಿಗೆ ಹಾಕ್ಕೊಂಡ್ರೆ ಉಸಿರೇ ಕಟ್ಟತ್ತೆ ಅಂತ ಡಾಕ್ಟರು ಹೇಳಿದ್ರಲ್ಲ?

ಅವಳು: ಮಗು ಎಲ್ಲಿರತ್ತೆ ಅಲ್ಲಿ? ಕಾರ್ಯಕ್ರಮ ಏಳೂವರೆಗೆ. ಅವನು ಏಳಕ್ಕೇ ಮಲಗಿಬಿಡ್ತಾನೆ.

ಅವನು: ಮತ್ತೆ ಕೇಕು ಕತ್ತರಿಸೋದ್ಯಾರು?

ಅವಳು: ನೀವೇ. ಜೇಬಿಗೇ ಕತ್ತರಿ ಹಾಕಿಸಿಕೊಂಡೋರಿಗೆ ಕೇಕು ಯಾವ ಲೆಕ್ಕ ರೀ?